ನಮ್ಮ ಚಿಮಣಿಗೆ ನಮ್ಮದೇ ಮಿತಿ

ಮಂಡಳಿಯ ಪತ್ರ ಬಂದಾಗ ನಾನು ಬಾಯ್ಲರ್‌ನ ಹೊಸ ಲಾಗ್ ಬುಕ್ಕಿಗೆ ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಬೈಂಡ್ ಹಾಕುತ್ತಾ ಕೂತಿದ್ದೆ. ಕಾರ್ಖಾನೆಗಳ ಹೊಗೆ, ಕೊಳಚೆ ನೀರಿನ ಮೇಲೆ ಕಣ್ಣಿಡುವ ಮಂಡಳಿಯಿಂದ ವರ್ಷಕ್ಕೆ ಮೂರು ನಾಲ್ಕು ಪತ್ರ ಬರುವುದು ಮಾಮೂಲು. ಇನ್‌ವರ್ಡ್ ಪುಸ್ತಕದಲ್ಲಿ ನಂಬರ್ ಹಾಕಿ, ಫೈಲಿಗೆ ಸೇರಿಸಿ, ಉತ್ತರ ಬರೆಯುವುದು ನನ್ನ ಕೆಲಸ. ಈ ಪತ್ರವನ್ನು ಎರಡು ಸಲ ಓದಿದೆ. ಆಮೇಲೆ ಗೋಂದಿನ ಬಾಟಲಿಗೆ ಮುಚ್ಚಳ ಹಾಕಿ ಕಾರ್ಖಾನೆಯ ಯಜಮಾನರ ಕೋಣೆಗೆ ಹೋದೆ.

ಎಣ್ಣೆ ಉರಿಸುವ ಬಾಯ್ಲರ್‌ಗಳ ಹೊಗೆಯಲ್ಲಿ ಸಲ್ಫರ್ ಡೈಆಕ್ಸೈಡ್ ಎಷ್ಟಿರಬಹುದು ಎಂಬ ಮಿತಿಯನ್ನು ಇಳಿಸಲಾಗಿದೆ, ಹೊಸ ಮಿತಿಯೊಳಗೆ ಬನ್ನಿ, ಬಾರದಿದ್ದರೆ ಮುಂದಿನ ವರ್ಷದ ಪರವಾನಗಿ ಸಿಗುವುದಿಲ್ಲ. ಇದು ಪತ್ರದ ಸಾರ.

ನಮ್ಮದು ಕೆಂಗೇರಿ ದಾಟಿ, ಮೈಸೂರು ರಸ್ತೆಯಿಂದ ಒಳಕ್ಕೆ ಒಂದು ಗಲ್ಲಿಯಲ್ಲಿರುವ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಬಣ್ಣ ಕೂರಬೇಕಾದರೆ ಕುದಿನೀರು ಬೇಕು, ಕುದಿನೀರಿಗೆ ಸ್ಟೀಮ್ ಬೇಕು, ಸ್ಟೀಮಿಗೆ ಬಾಯ್ಲರ್. ಆ ಬಾಯ್ಲರ್ ಕುಡಿಯುವುದು ಫರ್ನೇಸ್ ಆಯಿಲ್, ಡಾಂಬರಿನ ತಮ್ಮನಂತಿರುವ ಕಪ್ಪು ಎಣ್ಣೆ. ಅದರೊಳಗೆ ಗಂಧಕ ಇರುತ್ತದೆ. ಎಣ್ಣೆ ಉರಿದಾಗ ಆ ಗಂಧಕವೇ ಸಲ್ಫರ್ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಬೆಂಕಿಕಡ್ಡಿ ಗೀರಿದ ಕ್ಷಣ ಮೂಗಿಗೆ ಹೊಡೆಯುತ್ತದಲ್ಲ, ಅದೇ ಘಾಟು.

ಯಜಮಾನರು ನನಗಿಂತ ಎರಡು ವರ್ಷ ಚಿಕ್ಕವರು. ಅವರ ತಂದೆ ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದು, ಆಮೇಲೆ ಕಾರ್ಖಾನೆ ಕಟ್ಟಿದವರು. ಪತ್ರ ಓದಿ ಮುಗಿಸಿ, ಗ್ಯಾಸ್ ಹಾಕಿಸಬಹುದಾ ಎಂದು ಕೇಳಿದರು. ಪೈಪ್‌ಲೈನ್ ಮುಖ್ಯರಸ್ತೆಯಲ್ಲೇ ನಿಂತಿದೆ, ಗಲ್ಲಿಯೊಳಗೆ ಯಾವಾಗ ಬರುತ್ತದೆಂದು ಗ್ಯಾಸ್ ಕಂಪನಿಯವರಿಗೇ ಗೊತ್ತಿಲ್ಲ ಎಂದೆ. ಹೊಗೆಯನ್ನು ನೀರಿನಲ್ಲಿ ತೊಳೆಯುವ ಸ್ಕ್ರಬ್ಬರ್ ಎಂಬುದೊಂದಿದೆ, ಅದಕ್ಕೆ ಜಾಗವೂ ಬೇಕು, ನೀರೂ ಬೇಕು. ನಮ್ಮ ಬಾಯ್ಲರ್ ಮನೆಗೂ ಕಾಂಪೌಂಡ್ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯಬೇಕು. ನೀರು ಟ್ಯಾಂಕರಿನದು. ದಿನಾ ಡೀಸೆಲ್ ಉರಿಸುವ ಮಾತನ್ನು ಅವರೇ ಎತ್ತಿ, ಖರ್ಚಿನ ಲೆಕ್ಕ ಹಾಕಿ ಅವರೇ ಕೈಬಿಟ್ಟರು.

ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಪ್ಯಾರಾ ಇತ್ತು. ಕಾರ್ಖಾನೆ ಇರುವ ಜಾಗದ ಗಾಳಿ, ಚಿಮಣಿಯ ಎತ್ತರ, ಸುತ್ತಲಿನ ವಸತಿ ಇವನ್ನೆಲ್ಲ ಅಧ್ಯಯನ ಮಾಡಿಸಿ, ಎಲ್ಲರಿಗೂ ಇರುವ ಸಾಮಾನ್ಯ ಮಿತಿಯ ಬದಲು ಆ ಸ್ಥಳಕ್ಕೆ ತಕ್ಕ ಬೇರೆ ಮಿತಿ ನಿಗದಿ ಮಾಡಿಕೊಡಿ ಎಂದು ಅರ್ಜಿ ಹಾಕಬಹುದು. ಅದಕ್ಕೆ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತೋರಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

“ಇದು ಆಗುತ್ತಾ ಮೇಡಂ?” ಅಂದರು ಯಜಮಾನರು.

“ಟ್ರೈ ಮಾಡೋಣ ಸಾರ್. ನಮ್ಮ ಸುತ್ತ ಖಾಲಿ ಜಾಗ ತಾನೇ ಇರೋದು,” ಅಂದೆ.

ಸ್ಟೀಮ್ ನಿಂತರೆ ಕಾರ್ಖಾನೆಯಲ್ಲಿ ಉಳಿಯುವುದು ಕತ್ತರಿಸುವ, ಮಡಿಸುವ ಕೆಲಸ ಮಾತ್ರ. ಬಣ್ಣದ ಸೆಕ್ಷನ್ನಿನ ನಲವತ್ತು ಜನರಿಗೆ ಕೆಲಸವಿಲ್ಲ. ಹೆಚ್ಚಿನವರು ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರು, ಕಾರ್ಖಾನೆಯ ಹಿಂದಿನ ವಠಾರದಲ್ಲೇ ಬಾಡಿಗೆಗಿದ್ದವರು. ಅವರನ್ನೆಲ್ಲ ಒಬ್ಬೊಬ್ಬರಾಗಿ ಊರಿಂದ ಕರೆತಂದು ಸೇರಿಸಿದವರು ಬಾಯ್ಲರ್ ಮೇಸ್ತ್ರಿ. ಐವತ್ತೈದು ದಾಟಿದ ಮನುಷ್ಯ, ಗೇಜ್ ನೋಡದೆ ಸದ್ದಿನಲ್ಲೇ ಪ್ರೆಷರ್ ಹೇಳುತ್ತಿದ್ದವರು. ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು, ವಯಸ್ಸಿನಲ್ಲಿ ಅವರೇ ದೊಡ್ಡವರಾದರೂ. ಅರ್ಜಿಯ ವಿಷಯ ಹೇಳಿದಾಗ ಒಂದೇ ಪ್ರಶ್ನೆ ಕೇಳಿದರು, ಬಾಯ್ಲರ್ ಉಳಿತೈತಿಲ್ರಿ ಎಂದು. ಉಳಿಯುತ್ತೆ ಎಂದೆ.

ಅರ್ಜಿಗೆ ಬೇಕಾದ ಕಾಗದಗಳ ಪಟ್ಟಿ ಎರಡು ಹಾಳೆ ಇತ್ತು. ಹಳೆಯ ಪರವಾನಗಿಗಳ ನಕಲು, ಒಂದು ವರ್ಷದ ಲಾಗ್ ಬುಕ್, ಎಣ್ಣೆಯಲ್ಲಿ ಗಂಧಕ ಶೇಕಡಾ ಎಷ್ಟಿದೆ ಎಂದು ಸರಬರಾಜುದಾರರು ಕೊಡುವ ಸರ್ಟಿಫಿಕೇಟು, ಚಿಮಣಿಯ ಹೊಗೆ ಅಳೆದ ಹಿಂದಿನ ವರದಿಗಳು, ಯಾವ ತಿಂಗಳಲ್ಲಿ ಗಾಳಿ ಯಾವ ಕಡೆಯಿಂದ ಎಷ್ಟು ವೇಗದಲ್ಲಿ ಬೀಸುತ್ತದೆ ಎಂಬ ನಕ್ಷೆ, ಸುತ್ತಲಿನ ಮನೆಗಳನ್ನು ಗುರುತಿಸಿದ ಇನ್ನೊಂದು ನಕ್ಷೆ. ಇವೆಲ್ಲ ಸೇರಿದ ಮೇಲೆ, ಹೊಗೆ ಎಲ್ಲಿ ನೆಲಕ್ಕಿಳಿಯುತ್ತದೆ, ಅಲ್ಲಿ ಅದರ ಪ್ರಮಾಣ ಎಷ್ಟು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಬೇಕು.

ನನಗೆ ಇಂಥ ಕೆಲಸ ಬೇಸರವಿಲ್ಲ. ಮನೆಯಲ್ಲೂ ಗ್ಯಾಸ್ ಸಿಲಿಂಡರ್ ಹಾಕಿದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವವಳು. ಕುರುಬರಹಳ್ಳಿಯಿಂದ ಬಸ್ಸು, ವಿಜಯನಗರದಿಂದ ಮೆಟ್ರೊ, ಕೆಂಗೇರಿಯಲ್ಲಿ ಇಳಿದು ಶೇರ್ ಆಟೊ. ದಾರಿಯುದ್ದಕ್ಕೂ ಪಟ್ಟಿಯಲ್ಲಿ ಒಂದೊಂದಕ್ಕೆ ಟಿಕ್ ಹಾಕುತ್ತಾ ಹೋಗುತ್ತಿದ್ದೆ. ಆ ಎರಡು ತಿಂಗಳು ನಿಜಕ್ಕೂ ಉತ್ಸಾಹದಲ್ಲಿದ್ದೆ.

ಮೊದಲ ತೊಡಕು ಮನೆಗಳ ನಕ್ಷೆಯದು. ಫೈಲಿನಲ್ಲಿದ್ದದ್ದು ಕಾರ್ಖಾನೆ ಕಟ್ಟಿದ ಕಾಲದ್ದು. ಪಶ್ಚಿಮಕ್ಕೆ ‘ಹುಣಸೆ ತೋಪು’ ಎಂದು ಬರೆದು ನಾಲ್ಕು ಮರ ಬಿಡಿಸಿದ್ದರು. ಪ್ರತಿ ವರ್ಷದ ಅರ್ಜಿಗೂ ಅದನ್ನೇ ಜೆರಾಕ್ಸ್ ಮಾಡಿ ಲಗತ್ತಿಸುತ್ತಾ ಬಂದಿದ್ದೆ. ಹುಣಸೆ ಮರ ಒಂದೂ ಇಲ್ಲ, ತೋಪಿನ ಜಾಗದಲ್ಲಿ ವಠಾರ ಎದ್ದು ಹನ್ನೆರಡು ವರ್ಷವಾಗಿದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕಿಟಕಿಯಿಂದ ದಿನಾ ಕಾಣುತ್ತಿತ್ತು. ಕಾಗದದಲ್ಲಿ ತಿದ್ದಬೇಕೆಂದು ತೋಚಿರಲಿಲ್ಲ, ಅಷ್ಟೇ. ಛತ್ರಿ ಹಿಡಿದು, ಟೇಪ್ ಹಿಡಿದುಕೊಳ್ಳಲು ವಾಚ್‌ಮನ್‌ನನ್ನು ಕರೆದುಕೊಂಡು, ಎರಡು ಮಧ್ಯಾಹ್ನ ಮಳೆಯಲ್ಲಿ ಅಳೆದೆ. ವಠಾರದಲ್ಲಿ ಕೆಳಗೆ ಒಂಬತ್ತು, ಮೇಲೆ ಒಂಬತ್ತು ಬಾಗಿಲು. ಅದರ ಟೆರೇಸಿನ ಮೇಲೆ ನಿಂತರೆ ನಮ್ಮ ಚಿಮಣಿಯ ಬಾಯಿ ಅಷ್ಟೇನೂ ಎತ್ತರದಲ್ಲಿ ಕಾಣುತ್ತಿರಲಿಲ್ಲ. ಆದರೂ ಧೈರ್ಯಗೆಡಲಿಲ್ಲ. ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸಿ ಹೊಗೆಯನ್ನು ರೈಲ್ವೆ ಹಳಿಯ ಕಡೆಗೆ, ಬಯಲಿಗೆ ತಳ್ಳುವುದನ್ನು ದಿನಾ ನೋಡುತ್ತಿದ್ದೆನಲ್ಲ.

ಎರಡನೆಯ ತೊಡಕನ್ನು ಹೇಳಬೇಕಾದರೆ ನೆಂಟರ ಉರಿಯ ವಿಷಯ ಹೇಳಬೇಕು.

ವರ್ಷಕ್ಕೆರಡು ಸಲ ಖಾಸಗಿ ಲ್ಯಾಬಿನವರು ಬಂದು ಚಿಮಣಿಯ ಹೊಗೆ ಅಳೆಯುತ್ತಾರೆ. ಹಿಂದಿನ ದಿನ ಫೋನ್ ಮಾಡುತ್ತಾರೆ. ನಾನು ಹೋಗಿ ಮೇಸ್ತ್ರಿಗೆ, ನಾಳೆ ನೆಂಟರು ಬರುತ್ತಾರೆ ಎನ್ನುತ್ತೇನೆ. ಅವರು ಮರುದಿನ ಬೆಳಗ್ಗೆ ಬರ್ನರಿಗೆ ಸಣ್ಣ ನಾಜಲ್ ಹಾಕುತ್ತಾರೆ, ಫರ್ನೇಸ್ ಆಯಿಲ್ ಲೈನ್ ಮುಚ್ಚಿ ಡೀಸೆಲ್ ಬಿಡುತ್ತಾರೆ, ಒಂದೇ ಒಂದು ಡೈಯಿಂಗ್ ಮಷೀನ್ ನಡೆಯುತ್ತದೆ. ಚಿಮಣಿಯ ಮೇಲೆ ಹೊಗೆಯೇ ಕಾಣುವುದಿಲ್ಲ. ಅದಕ್ಕೆ ನಮ್ಮಲ್ಲಿ ನೆಂಟರ ಉರಿ ಎಂದು ಹೆಸರು. ಮನೆಗೆ ನೆಂಟರು ಬಂದಾಗ ಒಳ್ಳೆಯ ಬೆಡ್‌ಶೀಟ್ ಹಾಸುವುದಿಲ್ಲವೇ, ಹಾಗೆ. ಯಾರಿಗೂ ಅದು ಸುಳ್ಳು ಅನ್ನಿಸುತ್ತಿರಲಿಲ್ಲ. ಯಜಮಾನರ ತಂದೆಯ ಕಾಲದಿಂದ ನಡೆದು ಬಂದ ಪದ್ಧತಿ. ಲಾಗ್ ಬುಕ್ಕಿನಲ್ಲಿ ಆ ದಿನವೂ ‘ಇಂಧನ: ಫರ್ನೇಸ್ ಆಯಿಲ್, ಲೋಡ್: ಸಾಮಾನ್ಯ’ ಎಂದು ನನ್ನ ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದೆ.

ಆ ವರದಿಗಳನ್ನೇ ಅರ್ಜಿಗೆ ಲಗತ್ತಿಸಿದೆ. ಇಪ್ಪತ್ತು ದಿನದ ಮೇಲೆ, ಬಂದು ಕಾಣಿ ಎಂದು ಮಂಡಳಿಯಿಂದ ಕರೆ ಬಂತು.

ಮಂಡಳಿಯ ಅಧಿಕಾರಿ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಮೇಜಿನ ಮೇಲೆ ನಮ್ಮ ಫೈಲು ಬಿಚ್ಚಿಟ್ಟುಕೊಂಡಿದ್ದರು. ಗದರಲಿಲ್ಲ. ಯಜಮಾನರಿಗೂ ನನಗೂ ಕುರ್ಚಿ ತೋರಿಸಿ, ಒಂದು ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆಕ್ಕ ಬರೆಯುತ್ತಾ ಹೋದರು. ದಿನಕ್ಕೆ ಇಷ್ಟು ಎಣ್ಣೆ, ಅದು ಲಾಗ್ ಬುಕ್ಕಿನದು. ಎಣ್ಣೆಯಲ್ಲಿ ಇಷ್ಟು ಗಂಧಕ, ಅದು ಸರ್ಟಿಫಿಕೇಟಿನದು. ಒಂದು ಕೆಜಿ ಗಂಧಕ ಉರಿದರೆ ಎರಡು ಕೆಜಿ ಸಲ್ಫರ್ ಡೈಆಕ್ಸೈಡ್, ಅದು ಪಿಯುಸಿ ಪಾಠ. ಹಾಗಾಗಿ ಚಿಮಣಿಯಿಂದ ಇಷ್ಟು ಬರಬೇಕು. ವರದಿಯಲ್ಲಿ ಬಂದಿರುವುದು ಅದರ ಎಂಟನೆಯ ಒಂದು ಭಾಗವೂ ಇಲ್ಲ.

“ಎಣ್ಣೇಲಿ ಇದ್ದ ಗಂಧಕ ಎಲ್ಲಿಗೆ ಹೋಯ್ತು ಮೇಡಂ?” ಎಂದು ನನ್ನನ್ನೇ ಕೇಳಿದರು.

ನಾನೂ ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿದವಳು. ಆ ಲೆಕ್ಕ ನನಗೂ ಬರುತ್ತದೆ. ಒಂದು ದಿನವೂ ಹಾಕಿ ನೋಡಿರಲಿಲ್ಲ. ಯಜಮಾನರು ನನ್ನ ಕಡೆ ನೋಡಿದರು, ನಾನು ಹಾಳೆಯ ಕಡೆ ನೋಡಿದೆ.

ಅಧಿಕಾರಿ ಪೆನ್ಸಿಲ್ ಕೆಳಗಿಟ್ಟರು. “ಈ ವರದಿ ನಿಜ ಆದ್ರೆ ನೀವು ಹೊಸ ಮಿತಿಗಿಂತ ಕೆಳಗೇ ಇದೀರಿ, ನಿಮಗೆ ಬೇರೆ ಮಿತಿ ಯಾಕೆ? ನಿಜ ಅಲ್ದೇ ಇದ್ರೆ ಯಾವ ನಂಬರ್ ಇಟ್ಕೊಂಡು ನಾನು ಮಿತಿ ಹಾಕ್ಲಿ? ಒಂದು ತಿಂಗಳು ಟೈಮ್ ಕೊಡ್ತೀನಿ. ಏನು ಅಂತ ನೀವೇ ತೀರ್ಮಾನ ಮಾಡ್ಕೊಂಡು ಬನ್ನಿ.”

ಕಾರಿನಲ್ಲಿ ವಾಪಸು ಬರುವಾಗ ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಯಜಮಾನರು ನಿಧಾನವಾಗಿ, ಎಣ್ಣೆ ಕೊಡುವವರ ಹತ್ತಿರ ಗಂಧಕ ಕಡಿಮೆ ಇದೆ ಅಂತ ಬೇರೆ ಸರ್ಟಿಫಿಕೇಟು ಬರೆಸಬಹುದಲ್ಲ ಎಂದರು. ಲೆಕ್ಕ ಎರಡೂ ಕಡೆ ಸರಿಹೋಗುತ್ತದೆ. ಆಗುತ್ತದೆ ಸಾರ್, ಆದರೆ ಆಗ ಅರ್ಜಿಯೇ ಬೇಕಾಗಿಲ್ಲ ಎಂದಾಗುತ್ತದೆ, ಮಾರನೇ ದಿನ ಮಂಡಳಿಯವರೇ ಹೇಳದೆ ಕೇಳದೆ ಬಂದು ಅಳೆದರೆ ಅಲ್ಲಿಗೆ ಮುಗಿಯಿತು ಎಂದೆ. ನಮಗಿರುವುದು ಒಂದೇ ದಾರಿ. ನಿಜವಾದ ಉರಿಯಲ್ಲಿ ಅಳೆಸೋಣ. ಹಳೆಯ ವರದಿಗಳು ಕಡಿಮೆ ಲೋಡಿನಲ್ಲಿ ತೆಗೆದದ್ದು ಎಂದು ಬರೆದುಕೊಡೋಣ. ಸಂಖ್ಯೆ ದೊಡ್ಡದಿರಲಿ, ಆದರೆ ಹೊಗೆ ಬಯಲಿಗೆ ಹೋಗುತ್ತದೆ ಎಂದು ತೋರಿಸಿದರೆ ಆ ದೊಡ್ಡ ಸಂಖ್ಯೆಯನ್ನೇ ನಮ್ಮ ಮಿತಿಯಾಗಿ ಕೊಡಲೇಬೇಕು, ಅರ್ಜಿ ಇರುವುದೇ ಅದಕ್ಕೆ. ನಾನು ಇಷ್ಟೊಂದು ಮಾತಾಡುವುದು ಅಪರೂಪ. ಅವರು ಕೆಂಗೇರಿ ಬರುವವರೆಗೂ ಯೋಚಿಸಿ, ನಿಮ್ಮ ಇಷ್ಟ ಮೇಡಂ ಎಂದರು.

ಪತ್ರ ನಾನೇ ಡ್ರಾಫ್ಟ್ ಮಾಡಿದೆ. ‘ಹಿಂದಿನ ಮಾಪನಗಳು ಪೂರ್ಣ ಲೋಡ್‌ನಲ್ಲಿ ನಡೆದಿರುವುದಿಲ್ಲ’ ಎಂಬ ಒಂದು ಸಾಲು ಬರೆಯಲು ಅರ್ಧ ದಿನ ಹಿಡಿಯಿತು.

ಮೇಸ್ತ್ರಿಗೆ ಹೇಳಿದಾಗ ಅವರು ಕೈ ಒರೆಸುತ್ತಿದ್ದ ಬನಿಯನ್ ಚಿಂದಿಯನ್ನು ಹೆಗಲಿಗೆ ಹಾಕಿಕೊಂಡು ನಕ್ಕರು.

“ಇಷ್ಟ್ ವರ್ಷ ನೆಂಟರಿಗೆ ಹೋಳಿಗಿ ಹಾಕಿ ಕಳಿಸೀವಿ. ಈಗ ದಿನಾ ಉಣ್ಣು ರೊಟ್ಟಿ ಚಟ್ನಿ ಹಾಕಿದ್ರ, ಆವತ್ತಿನ ಹೋಳಿಗಿ ಯಾರದಿತ್ತು ಅಂತ ಕೇಳತಾರ್ರಿ ಅಕ್ಕಾರ.”

“ಕೇಳ್ಲಿ ಮೇಸ್ತ್ರಿ. ಹೇಳೋಣ.”

“ನೀವ್ ಹೇಳೂ ಹಂಗಿದ್ರ ಹಾಕ್ತೀನ್ರಿ. ನಂದೇನೈತಿ, ಉರಿ ಹಾಕಾವ ನಾನು, ಬರಿಯಾವ್ರು ನೀವು.”

ಅಳತೆಯ ದಿನ ಅಧಿಕಾರಿ ತಾವೇ ಬಂದರು. ಲ್ಯಾಬಿನ ಟೆಕ್ನೀಷಿಯನ್ ಐಸ್ ತರಲು ಮರೆತಿದ್ದರು. ಹೊಗೆಯನ್ನು ಎಳೆದು ಗಾಜಿನ ಬುರುಡೆಗಳೊಳಗಿನ ದ್ರಾವಣದಲ್ಲಿ ಗುಳುಗುಳು ಹಾಯಿಸಬೇಕು, ಆ ಬುರುಡೆಗಳು ಐಸಿನೊಳಗೆ ಕೂತಿರಬೇಕು. ಕೆಂಗೇರಿ ಸಂತೆಬೀದಿಯ ಮೀನಂಗಡಿಯಿಂದ ವಾಚ್‌ಮನ್ ಎರಡು ಬಕೆಟ್ ಐಸ್ ತಂದ. ನಾನು ಮೂಗಿಗೆ ಸೆರಗು ಹಿಡಿದುಕೊಂಡದ್ದು ನೋಡಿ ಮೇಸ್ತ್ರಿ, ಗಂಧಕಕ್ಕಿಂತ ಇದು ತ್ರಾಸ್ರಿ ಎಂದರು. ಎಲ್ಲರೂ ನಕ್ಕೆವು. ಆ ಇಡೀ ಕೆಲಸದಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಏಣಿ ಹತ್ತಿ ಪ್ಲಾಟ್‌ಫಾರ್ಮಿನ ಮೇಲೆ ಚಿಮಣಿಯ ತೂತಿನ ಮುಚ್ಚಳ ಬಿಚ್ಚಿದರು. ಉದ್ದನೆಯ ಕೊಳವೆಯನ್ನು ಒಳಗೆ ತೂರಿಸಿ, ಸಂದಿಗೆ ಆಸ್ಬೆಸ್ಟಾಸ್ ಹಗ್ಗ ಸುತ್ತಿದರು. ಪಂಪು ಹಾಕಿ ಎಲ್ಲೂ ಗಾಳಿ ಸೋರುತ್ತಿಲ್ಲವೆಂದು ನೋಡಿಕೊಂಡರು. ಕೆಳಗೆ ದೊಡ್ಡ ನಾಜಲ್, ಫರ್ನೇಸ್ ಆಯಿಲ್, ಆರೂ ಡೈಯಿಂಗ್ ಮಷೀನ್ ಚಾಲೂ. ಪ್ರತಿ ಹತ್ತು ನಿಮಿಷಕ್ಕೆ ಸ್ಟೀಮ್ ಪ್ರೆಷರ್, ಎಣ್ಣೆ ಮೀಟರು ಓದಿ ನಾನು ಬರೆದೆ, ಅಧಿಕಾರಿ ಪಕ್ಕದಲ್ಲಿ ಸಹಿ ಹಾಕಿದರು. ಅರ್ಧರ್ಧ ಗಂಟೆಯ ಮೂರು ಸ್ಯಾಂಪಲ್. ಚಿಮಣಿಯ ಮೇಲೆ ದಟ್ಟ ಹೊಗೆ ಎದ್ದು ಪೂರ್ವಕ್ಕೆ ವಾಲಿ ಹಳಿಯ ಆಚೆ ಕರಗಿತು. ಅಕ್ಟೋಬರ್ ಮೊದಲ ವಾರ. ನೋಡಿ, ನಾನು ಹೇಳಿದ್ದೆನಲ್ಲ ಎಂಬಂತೆ ಅಧಿಕಾರಿಯ ಮುಖ ನೋಡಿದೆ. ಅವರು ಹೊಗೆಯ ಕಡೆ ನೋಡದೆ ವಠಾರದ ಕಡೆ ನೋಡುತ್ತಿದ್ದರು.

ಲ್ಯಾಬಿನಲ್ಲಿ ಆ ದ್ರಾವಣಕ್ಕೆ ಹನಿಹನಿಯಾಗಿ ಇನ್ನೊಂದನ್ನು ಬೆರೆಸುತ್ತಾರೆ. ಹಳದಿ ಬಣ್ಣ ನಸುಗೆಂಪಿಗೆ ತಿರುಗಿದ ಹನಿಗೆ ನಿಲ್ಲಿಸಿ ಎಷ್ಟು ಹೋಯಿತೆಂದು ಓದುತ್ತಾರೆ. ಕಣ್ಣಾರೆ ನೋಡಬೇಕೆಂದು ನಾನೂ ಹೋಗಿದ್ದೆ. ಹಳೆಯ ಸ್ಯಾಂಪಲ್‌ಗಳು ಐದಾರು ಎಂ.ಎಲ್‌ಗೇ ತಿರುಗುತ್ತಿದ್ದವಂತೆ, ಇದು ತಿರುಗಲೇ ಇಲ್ಲ. ಹನಿ ಬಿಡುವ ಗಾಜಿನ ಬ್ಯೂರೆಟ್ ಖಾಲಿಯಾಗಿ ಮತ್ತೆ ತುಂಬಿಸಬೇಕಾಯಿತು. ಬಂದ ಸಂಖ್ಯೆ ಅಧಿಕಾರಿಯ ಪೆನ್ಸಿಲ್ ಲೆಕ್ಕಕ್ಕೆ ಹತ್ತಿರ ಹತ್ತಿರ ಕೂತಿತು.

ಅದನ್ನೂ ನುಂಗಿಕೊಂಡೆವು. ಇನ್ನುಳಿದದ್ದು ಗಾಳಿಯ ಅಳತೆ. ಮಳೆಗಾಲದ ಗಾಳಿ ಮಾತ್ರ ಸಾಲದು, ಚಳಿಗಾಲದಲ್ಲೂ ಅಳೆಯಬೇಕು, ಅದೂ ವಠಾರದ ಟೆರೇಸಿನ ಮೇಲೆ ಎಂದು ಅಧಿಕಾರಿ ಬರೆದು ಕಳಿಸಿದರು. ನಾಲ್ಕು ವಾರ, ವಾರಕ್ಕೆರಡು ದಿನ, ಇಡೀ ದಿನದ ಗಾಳಿ.

ವಠಾರದ ಓನರ್ ಆಂಟಿ ಎಪ್ಪತ್ತರ ಹತ್ತಿರದವರು, ಹಳೆಯ ಕೆಂಗೇರಿಯವರು, ಕೆಳಗಿನ ಮೊದಲ ಬಾಗಿಲಿನಲ್ಲಿ ಒಬ್ಬರೇ ಇದ್ದರು. ಟೆರೇಸಿಗೆ ಮಿಷನ್ ಇಡಲು ಕೇಳಿದರೆ, ಕರೆಂಟು ನಿಮ್ಮ ಫ್ಯಾಕ್ಟರಿಯಿಂದ ಎಳ್ಕೊಳ್ಳಿ, ಸೋರೋ ಥರ ಮಾಡ್ಬೇಡಿ ಎಂದು ಒಪ್ಪಿದರು. ಮಿಷನ್ ಎಂದರೆ ಮಂದಿರದ ಗೋಪುರದಂಥ ಮುಚ್ಚಳದ ಒಂದು ತಗಡಿನ ಪೆಟ್ಟಿಗೆ. ಗಾಳಿ ಎಳೆದು ಸಣ್ಣ ಬಾಟಲಿಗಳೊಳಗೆ ಹಾಯಿಸುತ್ತದೆ. ನಾಲ್ಕು ಗಂಟೆಗೊಮ್ಮೆ ಬಾಟಲಿ ಬದಲಿಸಬೇಕು. ಟೆಕ್ನೀಷಿಯನ್ ಅಲ್ಲೇ ಚಾಪೆ ಹಾಕಿಕೊಂಡು ಇದ್ದರು. ನಾನು ಬೆಳಗಿನ ಆರು ಗಂಟೆಯ ಬಾಟಲಿಗೆ ಹಾಜರಿರಬೇಕೆಂದು ಮೊದಲ ಬಸ್ಸು ಹಿಡಿದು ಬಂದೆ.

ಇಷ್ಟು ವರ್ಷ ನಾನು ಒಂಬತ್ತೂವರೆಗೆ ಮುಂಚೆ ಆ ಗಲ್ಲಿಗೆ ಕಾಲಿಟ್ಟಿರಲಿಲ್ಲ.

ಡಿಸೆಂಬರಿನ ಆ ಬೆಳಗ್ಗೆ ಮಂಜು ಕೂತಿತ್ತು. ಪೂರ್ವದಿಂದ ತೀರ ಸಣ್ಣ ಗಾಳಿ. ಆರಕ್ಕೆ ಮೇಸ್ತ್ರಿ ಬಾಯ್ಲರ್ ಹೊತ್ತಿಸಿದರು. ತಣ್ಣಗಿದ್ದ ಚಿಮಣಿಯಿಂದ ಹೊರಟ ಹೊಗೆ ಮೇಲೇಳಲಿಲ್ಲ. ಬಾಯಿಂದ ಹೊರಬಂದು, ಬಗ್ಗಿ, ಕಾಂಪೌಂಡಿನ ಮೇಲೆ ಮಲಗಿಕೊಂಡೇ ನಮ್ಮ ಕಡೆಗೆ ಬಂತು. ಮೊದಲು ಗಂಟಲಿಗೆ ತಿಳಿಯಿತು, ಆಮೇಲೆ ಕಣ್ಣಿಗೆ. ಟೆಕ್ನೀಷಿಯನ್ ಕರ್ಚೀಫು ಕಟ್ಟಿಕೊಂಡರು. ಕೆಳಗೆ ಒಂದೊಂದೇ ಕಿಟಕಿ ಮುಚ್ಚುವ ಸದ್ದು ಕೇಳಿಸಿತು. ಯಾರೂ ಗಡಿಬಿಡಿಯಲ್ಲಿ ಮುಚ್ಚಲಿಲ್ಲ, ದಿನದ ಕೆಲಸದಂತೆ ಮುಚ್ಚಿದರು.

ಮೇಸ್ತ್ರಿಯ ಹೆಂಡತಿ ಕೆಳಗಿನ ತಮ್ಮ ಮನೆಯಿಂದ ನಮಗೆ ಚಹ ತೆಗೆದುಕೊಂಡು ಮೇಲೆ ಬಂದರು. ಲೋಟದ ಮೇಲೆ ತಟ್ಟೆ ಮುಚ್ಚಿದ್ದರು. ದಿನಾ ಹೀಗೇನಾ ಎಂದು ಕೇಳಿದೆ.

“ದೀಪಾವಳಿ ಆದಮ್ಯಾಲ ಶಿವರಾತ್ರಿ ತನ ಹಿಂಗ ನೋಡ್ರಿ. ಹತ್ತ್ ಗಂಟಿಗೆ ಬಿಸಲ ಏರೂ ತನ ಅರಿಬಿ ಒಣಹಾಕಂಗಿಲ್ಲ ನಾವು. ತುಳಸಿ ಗಿಡ ವರ್ಷಾ ಹೊಸಾದು ತರತೀವಿ.” ಮಿಷನ್ ಕಡೆ ನೋಡಿ ಹೇಳಿದರು: “ಇದಕ್ಕ ಮಿಷನ್ ಯಾಕ್ರಿ ಅಕ್ಕಾರ? ನನ್ನ ಕೇಳಿದ್ರ ಹೇಳತಿದ್ನಲ್ರಿ.”

“ನೀವ್ಯಾಕೆ ಯಾವತ್ತೂ ಹೇಳ್ಲಿಲ್ಲ?”

“ಯಾರಿಗೆ ಹೇಳೂದ್ರಿ? ನಮ್ಮನಿಯವ್ರ ಹೊತ್ಸೂ ಬೆಂಕಿ ಅದು.”

ಚಹದ ಲೋಟ ನನ್ನ ಕೈಯಲ್ಲೇ ಆರಿತು. ಆ ಬೆಳಗಿನ ಬಾಟಲಿಯನ್ನು ಒಡೆದು ಹಾಕಿಬಿಡಲೇ ಎಂಬ ಯೋಚನೆ ಬಂದದ್ದು ನಿಜ. ಕೈ ತಗುಲಿ ಬಿತ್ತು ಎಂದರೆ ಮುಗಿಯಿತು, ಟೆಕ್ನೀಷಿಯನ್ ಏನೂ ಅನ್ನುತ್ತಿರಲಿಲ್ಲ. ಲೇಬಲ್ ಬರೆದು, ಅಂಟಿಸಿ, ಐಸ್ ಪೆಟ್ಟಿಗೆಗೆ ಇಟ್ಟೆ. ಇದನ್ನು ಪ್ರಾಮಾಣಿಕತೆ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಮೂಲ ಸಂಖ್ಯೆಯನ್ನು ಒಮ್ಮೆ ನಿಜ ಹೇಳಿದ ಮೇಲೆ ಮುಂದಿನದನ್ನು ಸುಳ್ಳು ಹೇಳುವುದು ಹೇಗೆಂದು ಗೊತ್ತಾಗಲಿಲ್ಲ, ಅಷ್ಟೇ ಇರಬೇಕು.

ನಾಲ್ಕು ವಾರದ ಅಷ್ಟೂ ದಿನ ಬೆಳಗಿನ ಬಾಟಲಿಗಳು ಮಿತಿ ಮೀರಿದವು. ದಿನದ ಸರಾಸರಿಯೂ ಐದು ದಿನ, ಜನ ವಾಸಿಸುವ ಕಡೆ ಇರಬೇಕಾದದ್ದಕ್ಕಿಂತ ಹೆಚ್ಚು ಬಂತು. ಕಂಪ್ಯೂಟರಿನ ಲೆಕ್ಕವೂ ಅದನ್ನೇ ಹೇಳಿತು. ಬಣ್ಣಬಣ್ಣದ ಉಂಗುರಗಳ ಆ ಚಿತ್ರದಲ್ಲಿ ಅತಿ ಕೆಂಪು ಜಾಗ ವಠಾರದ ಮೇಲೆ ಕೂತಿತ್ತು. ಹುಣಸೆ ತೋಪು ಎಂದು ನಾನು ಜೆರಾಕ್ಸ್ ಮಾಡುತ್ತಿದ್ದ ಜಾಗ. ಆ ಸಂಖ್ಯೆಗೆ ಚಿಮಣಿ ಎಷ್ಟು ಎತ್ತರ ಇರಬೇಕೆಂಬ ಸೂತ್ರ ಹಾಕಿದರೆ ಈಗಿರುವುದರ ಎರಡು ಪಟ್ಟು ಹತ್ತಿರ ಬಂತು. ಹಳೆಯ ಶೀಟಿನ ಮಾಡಿನ ಮೇಲೆ ನಿಂತಿರುವ ಚಿಮಣಿ ಇನ್ನೊಂದು ಆಳು ಎತ್ತರವನ್ನೂ ಹೊರಲಾರದು ಎಂದು ಸ್ಟ್ರಕ್ಚರ್ ಎಂಜಿನಿಯರ್ ಬರೆದುಕೊಟ್ಟರು.

ಅರ್ಜಿ ವಾಪಸು ತೆಗೆದುಕೊಳ್ಳಬಹುದೇ ಎಂದು ಯಜಮಾನರು ನನ್ನಿಂದ ಕೇಳಿಸಿದರು. ತೆಗೆದುಕೊಳ್ಳಬಹುದು, ಆದರೆ ಸಂಖ್ಯೆ ಈಗ ಫೈಲಿನಲ್ಲಿದೆ ಎಂದು ಅಧಿಕಾರಿ ಫೋನಿನಲ್ಲಿ ಹೇಳಿದರು. ಅವರ ದನಿಯಲ್ಲಿ ಗೆದ್ದ ಸೊಕ್ಕು ಇರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಫೆಬ್ರವರಿಯಲ್ಲಿ ಸಮಿತಿಯ ಮುಂದೆ ಹೋದೆವು. ಉದ್ದ ಮೇಜಿನ ಆಚೆ ನಾಲ್ಕು ಜನ. ನಾವು ಹೇಳುವುದನ್ನೆಲ್ಲ ಕೇಳಿದರು. ಬಾಯ್ಲರನ್ನು ಬೆಳಗ್ಗೆ ಎಂಟರ ಮೇಲೆ ಹೊತ್ತಿಸುತ್ತೇವೆ, ಚಳಿಗಾಲ ಮಾತ್ರ ಡೀಸೆಲ್ ಹಾಕುತ್ತೇವೆ ಎಂದೆಲ್ಲ ಬರೆದುಕೊಂಡು ಹೋಗಿದ್ದೆ, ಓದಿದೆ. ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿ, ಹಾಗೆ ಮಾಡುತ್ತೀರೆಂದು ನಂಬುವುದಕ್ಕೆ ನಿಮ್ಮ ಲಾಗ್ ಬುಕ್ ಬಿಟ್ಟರೆ ಬೇರೆ ಆಧಾರ ಇದೆಯೇ ಎಂದು ಕೇಳಿದರು. ಸಹಜವಾಗಿಯೇ ಕೇಳಿದರು. ನನ್ನ ದುಂಡಗಿನ ಅಕ್ಷರದ ಪುಸ್ತಕಗಳೆಲ್ಲ ಅವರ ಮುಂದೆ ಸಾಲಾಗಿ ಇದ್ದವು, ಒಂದೊಂದಕ್ಕೂ ಅಚ್ಚುಕಟ್ಟಾದ ಬೈಂಡು. ಇಲ್ಲ ಸಾರ್ ಎಂದೆ.

ಹದಿನೈದು ದಿನಕ್ಕೆ ಆದೇಶ ಬಂತು. ಸ್ಥಳದ ಅಧ್ಯಯನವನ್ನು ಒಪ್ಪಿದ್ದರು. ಕ್ರಮಬದ್ಧವಾಗಿದೆ ಎಂದೂ ಬರೆದಿದ್ದರು. ಗಾಳಿಯ ದಿಕ್ಕು, ಚಿಮಣಿಯ ಎತ್ತರ, ವಸತಿಯ ಸಾಮೀಪ್ಯ ಇವನ್ನು ಪರಿಗಣಿಸಿ ನಮ್ಮ ಸ್ಥಳಕ್ಕೇ ಪ್ರತ್ಯೇಕ ಮಿತಿ ನಿಗದಿಪಡಿಸಿದ್ದರು. ಅದು ಎಲ್ಲರಿಗೂ ಇರುವ ಹೊಸ ಮಿತಿಯ ಅರ್ಧ. ಸ್ಥಳಕ್ಕೆ ತಕ್ಕ ಮಿತಿ ಸಡಿಲವೇ ಆಗಿರಬೇಕೆಂದು ಆ ಸಣ್ಣ ಅಕ್ಷರದ ಪ್ಯಾರಾದಲ್ಲಿ ಎಲ್ಲೂ ಇರಲಿಲ್ಲ. ನಾನು ಹಾಗೆ ಓದಿಕೊಂಡಿದ್ದೆ.

ಯಜಮಾನರು ಆದೇಶವನ್ನು ಮಡಿಸಿ ನನ್ನ ಕೈಗೇ ಕೊಟ್ಟರು. “ಕೇಳಿದ್ದು ಸಿಕ್ತಲ್ಲ ಮೇಡಂ,” ಎಂದರು. ಬಾಯ್ಲರ್ ನಿಲ್ಲಿಸಿ, ಬಟ್ಟೆಯನ್ನು ಹೊರಗೆ ಕೊಟ್ಟು ಬಣ್ಣ ಹಾಕಿಸುವುದೆಂದು ತೀರ್ಮಾನಿಸಿದರು.

ಬಾಯ್ಲರ್ ಆರಿಸುವುದಕ್ಕೂ ಒಂದು ಕ್ರಮವಿದೆ. ಒಂದೇ ಸಲ ತಣ್ಣಗಾಗಿಸಬಾರದು. ಎರಡು ದಿನ ಮೇಸ್ತ್ರಿ ಪಕ್ಕದಲ್ಲೇ ಇದ್ದು ಇಳಿಸಿದರು. ನೀರು ಬಸಿದು, ಒಳಗೆ ತೇವ ಹೀರಲು ಸುಣ್ಣದ ತಟ್ಟೆ ಇಟ್ಟು, ಎಣ್ಣೆಯ ಲೈನಿಗೆ ತೂತಿಲ್ಲದ ಕುರುಡು ಬಿಲ್ಲೆ ಹಾಕಿ ಬೋಲ್ಟ್ ಬಿಗಿದರು. ನಾನು ಪಕ್ಕದಲ್ಲಿ ನಿಂತು ಒಂದೊಂದನ್ನೂ ಬರೆದುಕೊಂಡೆ. ಸ್ಟೀಮಿನ ಸದ್ದು ನಿಂತ ಬಾಯ್ಲರ್ ಮನೆಯಲ್ಲಿ ನಮ್ಮ ಮಾತು ಜೋರಾಗಿ ಕೇಳಿಸುತ್ತಿತ್ತು. ತಪ್ಪು ನನ್ನದು ಮೇಸ್ತ್ರಿ ಎಂದೆ. ಅವರು ಸ್ಪ್ಯಾನರ್ ಒರೆಸಿ ಪೆಟ್ಟಿಗೆಗೆ ಹಾಕಿದರು.

“ನಿಮ್ ಮ್ಯಾಲ ಸಿಟ್ಟಿಲ್ರಿ ನನಗ. ನಮ್ಮಾಕಿ ಮೂರ್ ದಿನ ಆತು ಚಲೋ ನಿದ್ದಿ ಮಾಡ್ಯಾಳ, ಕೆಮ್ಮಿಲ್ಲ. ಅದನ್ನ ನೋಡಿ ಖುಷಿ ಪಡ್ಲ್ಯೋ, ನಾಳೆ ಈ ನಲವತ್ತ್ ಮಂದೀನ ಎಲ್ಲಿಗೆ ಕರ್ಕೊಂಡ್ ಹೋಗ್ಲಿ ಅಂತ ಅಳ್ಲ್ಯೋ, ಅದೊಂದ್ ಹೇಳ್ರಿ ಅಕ್ಕಾರ. ನೀವು ಓದಿದವ್ರು.”

ನಾನು ಲಾಗ್ ಬುಕ್ಕಿನ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು ತಾರೀಕು ಹಾಕಿದೆ.

ಯುಗಾದಿಯ ಹೊತ್ತಿಗೆ ಬಣ್ಣದ ಸೆಕ್ಷನ್ನಿನವರು ಚದುರಿಹೋದರು. ಕೆಲವರು ಪೀಣ್ಯದ ಕಡೆ, ಲಗ್ಗೆರೆಯಲ್ಲಿ ರೂಮು ಹಿಡಿದರು. ಕೆಲವರು ಊರಿಗೆ ಹೋದರು. ಇಬ್ಬರು ಡೆಲಿವರಿ ಬೈಕು ಹತ್ತಿದರು. ಮೇಸ್ತ್ರಿ ಹೆಂಡತಿಯನ್ನು ಕರೆದುಕೊಂಡು ದೊಡ್ಡಬಳ್ಳಾಪುರದ ಹತ್ತಿರ ಇನ್ನೊಂದು ಬಾಯ್ಲರಿಗೆ ಹೋದರು. ಅಲ್ಲಿನ ಚಿಮಣಿ ಎಷ್ಟು ಎತ್ತರ, ಅವರಿಗೆ ಕೊಟ್ಟ ಮನೆ ಅದರ ಯಾವ ದಿಕ್ಕಿಗಿದೆ ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ.

ಆದೇಶದಲ್ಲಿ ಇನ್ನೊಂದು ಸಾಲು ಉಳಿದಿತ್ತು. ಬಾಯ್ಲರ್ ಮಿತಿಯೊಳಗೆ ಬಂದ ಮೇಲೆ, ಇಲ್ಲವೇ ನಿಂತ ಮೇಲೆ, ಅದೇ ಟೆರೇಸಿನಲ್ಲಿ ಮತ್ತೆ ಒಂದು ದಿನದ ಗಾಳಿ ಅಳೆದು ವರದಿ ಸಲ್ಲಿಸಬೇಕು. ಏಪ್ರಿಲ್‌ನಲ್ಲಿ ಟೆಕ್ನೀಷಿಯನ್ ಬಂದರು. ಬಾಟಲಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಇಷ್ಟು ಶುದ್ಧ ಗಾಳಿ ಮೈಸೂರು ರಸ್ತೆಯ ಈ ಬದಿಯಲ್ಲಿ ನಾನು ಅಳೆದಿಲ್ಲ ಎಂದರು ಅವರು.

ವರದಿಯ ಒಂದು ಪ್ರತಿ ಹಿಡಿದುಕೊಂಡು ಓನರ್ ಆಂಟಿಗೆ ಥ್ಯಾಂಕ್ಸ್ ಹೇಳಿ ಬರೋಣವೆಂದು ಹೋದೆ. ಕೆಳಗೆ ಎಂಟು ಬಾಗಿಲಿಗೆ ಬೀಗ, ಮೇಲೆ ಒಂಬತ್ತಕ್ಕೂ ಬೀಗ. ಗೇಟಿಗೆ ಟು-ಲೆಟ್ ಬೋರ್ಡು ಕಟ್ಟಿತ್ತು. ಆಂಟಿ ಮೆಟ್ಟಿಲ ಮೇಲೆ ಒಬ್ಬರೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಬಾ ಕೂತ್ಕೊ ಎಂದು ಪಕ್ಕಕ್ಕೆ ಸರಿದರು. ಕೈ ಒರೆಸಿಕೊಂಡು ವರದಿಯನ್ನು ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದರು.

“ಗಾಳಿ ಚೆನ್ನಾಗಿದೆ ಅಂತ ಬರ್ದಿದಾರೇನಮ್ಮಾ ಇದ್ರಲ್ಲಿ?”

“ಹೂಂ ಆಂಟಿ. ತುಂಬ ಚೆನ್ನಾಗಿದೆ.”

“ಹಂಗಾದ್ರೆ ಇದನ್ನ ನಂಗೇ ಕೊಟ್ಬಿಡು. ಮನೆ ನೋಡೋಕೆ ಬರೋರಿಗೆ ತೋರಿಸ್ತೀನಿ.” ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. “ಇನ್ನೂ ಯಾರೂ ಬಂದಿಲ್ಲ.”